ಮನೆಯ ರೌಟರಿನಲ್ಲಿ ಸರದಿಯ ಕ್ರಮ



ಫತೇಗಂಜಿನ ನಮ್ಮ ವಾಚನಾಲಯಕ್ಕೆ ಬರುವ ಹಲವರ ದೂರು ಒಂದೇ. ಊರಿನಲ್ಲಿರುವ ವೃದ್ಧ ತಾಯಿಯವರೊಡನೆ ವಿಡಿಯೋ ಕರೆಯಲ್ಲಿ ಮಾತನಾಡುವಾಗ, ಮನೆಯಲ್ಲಿ ಯಾರಾದರೂ ಫೋಟೋಗಳನ್ನು ಕಳುಹಿಸತೊಡಗಿದರೆ ಮಾತು ತುಂಡಾಗುತ್ತದೆ. ಹೆಚ್ಚು ಹಣ ತೆತ್ತು ದೊಡ್ಡ ಪ್ಲಾನು ಕೊಳ್ಳುವ ಮೊದಲು ಈ ಪಾಠವನ್ನು ಓದಬೇಕೆಂದು ಕೋರುತ್ತೇವೆ.

ಕಾರಣವೇನು? ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಪಗಾರದ ಕಿಟಕಿ ನೆನಪಾಗುತ್ತದೆ. ಮುಂದಿನವನು ಐವತ್ತು ಮಂದಿಯ ಚೀಟಿಗಳನ್ನು ಒಟ್ಟಿಗೆ ತಂದಿದ್ದರೆ, ಒಂದು ಸಹಿಗಾಗಿ ಹಿಂದೆ ನಿಂತವನೂ ಕಾಯಲೇಬೇಕು. ಇಂಟರ್‌ನೆಟ್ಟಿನಲ್ಲಿ ಮಾಹಿತಿಯು ಪ್ಯಾಕೆಟ್ಟುಗಳೆಂಬ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಮಾತಿನ ಪ್ಯಾಕೆಟ್ಟು ಚಿಕ್ಕದು, ಆದರೆ ಅವಸರದ್ದು. ಫೋಟೋದ್ದು ದೊಡ್ಡದು, ಆದರೆ ಕಾಯಬಲ್ಲದು.

ಲೆಕ್ಕ ನೋಡಿರಿ. ಹೊರಗೆ ಕಳುಹಿಸುವ ವೇಗ 2 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 20 ಲಕ್ಷ ಬಿಟ್ಟು. ಸರದಿಯಲ್ಲಿ 5 ಲಕ್ಷ ಬೈಟು, ಅಂದರೆ 40 ಲಕ್ಷ ಬಿಟ್ಟು ಕೂಡಿದ್ದರೆ, ಹಿಂದೆ ಬಂದ ಮಾತು 2 ಸೆಕೆಂಡು ಕಾಯಬೇಕು. ಸಂಭಾಷಣೆ ಸರಾಗವಾಗಿರಲು ಈ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರುವುದು ಒಳ್ಳೆಯದು.

ಇನ್ನು ಮಾಡುವ ಕ್ರಮ:

1. ಬೇರೆ ಯಾರೂ ಬಳಸದ ಹೊತ್ತಿನಲ್ಲಿ ಕಳುಹಿಸುವ ವೇಗ, ಪಡೆಯುವ ವೇಗ ಎರಡನ್ನೂ ಮೂರು ಬಾರಿ ಅಳೆದು ಬರೆದಿಡಿರಿ.

2. ರೌಟರಿನ ಕೆಳಗೆ ಅಂಟಿಸಿದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು, ‘ಕ್ಯೂಓಎಸ್’ ಎಂಬ ಭಾಗವನ್ನು ಹುಡುಕಿರಿ.

3. ಅಳೆದ ವೇಗದ ನೂರಕ್ಕೆ 90ರಷ್ಟನ್ನು ಮಿತಿಯಾಗಿ ನಮೂದಿಸಿರಿ. 2 ಇದ್ದರೆ 1.8. ಇದೇ ಪಾಠದ ತಿರುಳು. ಮಿತಿ ಇಡದಿದ್ದರೆ ಸರದಿಯು ನಮ್ಮ ರೌಟರಿನಲ್ಲಿ ಕೂಡದೆ ಅದರಾಚೆಯ ಯಂತ್ರದಲ್ಲಿ ಕೂಡುತ್ತದೆ. ಅಲ್ಲಿ ನಮ್ಮ ಮಾತು ನಡೆಯದು.

4. ಕರೆಗೆ ಮೊದಲ ಸ್ಥಾನ, ಮಕ್ಕಳ ಪಾಠಕ್ಕೆ ಎರಡನೆಯದು, ಫೋಟೋ ಮತ್ತು ಸಿನಿಮಾ ಇಳಿಸುವುದಕ್ಕೆ ಕೊನೆಯದು. ಎಲ್ಲವನ್ನೂ ಮೊದಲಿಗೆ ಹಾಕಿದರೆ ಯಾವುದೂ ಮೊದಲಾಗದು.

ಕೆಲವು ರೌಟರುಗಳಲ್ಲಿ ‘ಎಸ್‌ಕ್ಯೂಎಂ’ ಎಂಬ ಆಯ್ಕೆಯಿರುತ್ತದೆ. ಅದಿದ್ದರೆ ಮಿತಿಯನ್ನಷ್ಟೇ ನಮೂದಿಸಿದರೆ ಸಾಕು. ಉದ್ದನೆಯ ಸರದಿ ಬೆಳೆಯದಂತೆ ಅದೇ ನೋಡಿಕೊಳ್ಳುತ್ತದೆ. ಈ ಬಗೆಯ ‘ಕೋಡೆಲ್’ ಎಂಬ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು.

ಆದರೆ ಒಂದು ಎಚ್ಚರಿಕೆ. ಈ ಕ್ರಮದಿಂದ ಹೊಸ ವೇಗ ಹುಟ್ಟುವುದಿಲ್ಲ; ಗೋಡೆಯಾಚೆಗಿನ ದುರ್ಬಲ ವೈಫೈ ಬಲಗೊಳ್ಳುವುದೂ ಇಲ್ಲ. ಇದ್ದುದನ್ನು ನ್ಯಾಯವಾಗಿ ಹಂಚುವುದಷ್ಟೇ ಇದರ ಕೆಲಸ.

ಇಂದು ಸಂಜೆ ಫೋಟೋ ಕಳುಹಿಸುತ್ತಲೇ ಊರಿಗೆ ಕರೆ ಮಾಡಿ ಪರೀಕ್ಷಿಸಿರಿ. ತಾಯಿಯವರ ಮಾತು ಪೂರ್ತಿ ಕೇಳಿಸಿದರೆ ನಮ್ಮ ಶ್ರಮ ಸಾರ್ಥಕ.