ಮೊದಲು ವೈರಿನದು ತಗೋ

ಪುಟ್ಟಿ, ವೈರಿರುವ ಸ್ಟುಡಿಯೋ ಹೆಡ್‌ಫೋನ್ ಕೊಳ್ಳಲೋ, ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ಸ್ ಕೊಳ್ಳಲೋ ಎಂದು ಕೇಳಿದ್ದೀಯ. ಈಗ ವೈರಿನದು ತಗೋ. ಮೆಟ್ರೋದಲ್ಲಿ ಹಾಡು ಕೇಳುತ್ತಾ ಕಾಲೇಜಿಗೆ ಹೋಗಿಬರುವುದಷ್ಟೇ ನಿನ್ನ ಅಗತ್ಯವಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ನೀನು ಹಾಡುವವಳು, ಮನೆಯಲ್ಲೇ ಮೈಕ್ ಇಟ್ಟು ರೆಕಾರ್ಡ್ ಮಾಡಲು ಶುರುಮಾಡಿದವಳು.

ನಿನಗೆ ಬ್ಲೂಟೂತ್ ಕೊಡುವ ದೊಡ್ಡ ಕಾಟ ಅದರ ತಡ. ಧ್ವನಿಯನ್ನು ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್ ಕಳೆದಿರುತ್ತದೆ. ಗೇಮಿಂಗ್ ಮೋಡ್ ಹಾಕಿದರೆ ಕಡಿಮೆಯಾದೀತು, ಪೂರ್ತಿ ಹೋಗದು. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತಾರೆ. ಹಾಡುವವಳ ಬಾಯಿಯನ್ನು ಹಾಗೆ ತಡಮಾಡಲು ಬರುವುದಿಲ್ಲವಲ್ಲ! ನಿಮಿಷಕ್ಕೆ 75 ಎಣಿಕೆಯ ವೇಗದಲ್ಲಿ ಆದಿತಾಳ ಹಾಕು. ಒಂದು ಎಣಿಕೆಗೆ 800 ಮಿಲಿಸೆಕೆಂಡ್. ‘ತಕದಿಮಿ’ ಎಂದು ನಾಲ್ಕು ಮಾಡಿದರೆ ಒಂದೊಂದು ಅಕ್ಷರಕ್ಕೆ 200. ಕಿವಿಗೆ ಧ್ವನಿ 200 ಮಿಲಿಸೆಕೆಂಡ್ ತಡವಾಗಿ ಬಂತೋ, ನೀನು ‘ಕ’ ಅನ್ನುವಾಗ ನಿನ್ನದೇ ‘ತ’ ಕೇಳುತ್ತಿರುತ್ತದೆ. ಹಾಗಿದ್ದರೆ ಎಂಥ ವಿದ್ವಾಂಸರ ಲಯವೂ ನಿಲ್ಲದು. ವೈರಿನಲ್ಲಿ ಈ ತಾಪತ್ರಯವೇ ಇಲ್ಲ.

ಇನ್ನೊಂದನ್ನು ಈಗಲೇ ಪರೀಕ್ಷಿಸಬಹುದು. ಎರಡೂ ಕಿವಿಗೆ ಬೆರಳಿಟ್ಟು ಷಡ್ಜ ಹಿಡಿ. ದನಿ ತಲೆಯೊಳಗೇ ಗುಂಯ್‌ಗುಡುತ್ತದೆ, ಶ್ರುತಿ ಕೂಡಿದೆಯೋ ಇಲ್ಲವೋ ಹೇಳುವುದೇ ಕಷ್ಟ. ಕಿವಿಯ ನಾಳವನ್ನು ರಬ್ಬರಿನಿಂದ ಮುಚ್ಚುವ ಇಯರ್‌ಬಡ್ಸ್ ಮಾಡುವುದೂ ಬಹುಮಟ್ಟಿಗೆ ಇದನ್ನೇ. ದೊಡ್ಡ ಹೆಡ್‌ಫೋನ್ ಆದರೆ ಒಂದು ಬದಿ ಸರಿಸಿಕೊಂಡು, ಆ ಕಿವಿಯಲ್ಲಿ ಕೋಣೆಯ ದನಿ, ಈ ಕಿವಿಯಲ್ಲಿ ತಂಬೂರಿ ಕೇಳುತ್ತಾ ಹಾಡಬಹುದು. ಸ್ಟುಡಿಯೋಗಳಲ್ಲಿ ಗಾಯಕರು ನಿಲ್ಲುವುದೇ ಹಾಗೆ. ಆದರೆ ಸರಿಸಿದ ಬದಿಯ ಧ್ವನಿ ಬಂದ್ ಮಾಡು, ಇಲ್ಲದಿದ್ದರೆ ತಂಬೂರಿ ಅಲ್ಲಿಂದ ಸೋರಿ ನಿನ್ನ ಮೈಕಿಗೆ ಸೇರುತ್ತದೆ. ಅದೇ ಕಾರಣಕ್ಕೆ ಹಿಂಬದಿ ಮುಚ್ಚಿರುವ ಮಾದರಿಯನ್ನೇ ಕೊಳ್ಳಬೇಕು. ಹಿಂಬದಿ ತೆರೆದವು ಕೇಳಲು ಬಲು ಚೆಂದ, ರೆಕಾರ್ಡಿಂಗಿಗೆ ಆಗಿಬರುವುದಿಲ್ಲ.

ಸೋನಿಯ ಎಂಡಿಆರ್-7506 ಬಂದದ್ದು 1991ರಲ್ಲಿ, ಇವತ್ತಿಗೂ ಸ್ಟುಡಿಯೋಗಳಲ್ಲಿ ದುಡಿಯುತ್ತಿದೆ. ಅದರ ತಾರಸ್ವರ ಸ್ವಲ್ಪ ಚುರುಕು. ನಿನಗೆ ಅದೇ ಉಪಕಾರ, ‘ಸ’ ‘ಶ’ಗಳು ಕಿವಿಗೆ ಚುಚ್ಚುವಂತೆ ರೆಕಾರ್ಡ್ ಆಗಿದ್ದರೆ ತಕ್ಷಣ ಸಿಕ್ಕಿಬೀಳುತ್ತವೆ. ಆಡಿಯೋ-ಟೆಕ್ನಿಕಾದ ಎಂ50ಎಕ್ಸ್ ಕೂಡ ಒಳ್ಳೆಯದೇ, 38 ಓಮ್ ಆದ್ದರಿಂದ ಫೋನೂ ಅದನ್ನು ಸಲೀಸಾಗಿ ನಡೆಸುತ್ತದೆ, ವೈರನ್ನೂ ಬಿಚ್ಚಿ ಬದಲಿಸಬಹುದು. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ನೋಡುವೆಯಾದರೆ 80 ಓಮಿನದು ಸಾಕು, 250ರದ್ದನ್ನು ಫೋನಿಗೆ ಸಿಕ್ಕಿಸಿದರೆ ದನಿ ಮೇಲೇಳುವುದಿಲ್ಲ. ಮಾರುಕಟ್ಟೆಯ ಎಷ್ಟೋ ಇಯರ್‌ಬಡ್ಸ್‌ನಲ್ಲಿ ತಗ್ಗಿನ ನಾದವನ್ನು ಬೇಕೆಂದೇ ಉಬ್ಬಿಸಿರುತ್ತಾರೆ. ಅದನ್ನು ನಂಬಿ ಮೃದಂಗದ ಎಡಬದಿಯನ್ನು ಇಳಿಸಿದೆಯೋ, ಉಳಿದವರ ಸ್ಪೀಕರಿನಲ್ಲಿ ಮೃದಂಗ ಬಡಕಲಾಗುತ್ತದೆ.

ಇಯರ್‌ಬಡ್ಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 1978ರಲ್ಲಿ ಎಂಜಿನಿಯರ್ ಅಮರ್ ಬೋಸ್ ವಿಮಾನದ ಮೊರೆತದಲ್ಲಿ ಕೂತಿದ್ದಾಗ ಹೊಳೆದ ನಾಯ್ಸ್ ಕ್ಯಾನ್ಸಲಿಂಗ್ ವಿಚಾರ ಲಕ್ಷಾಂತರ ಜನರ ಕಿವಿ ಕಾಯುತ್ತಿದೆ. ಪುಟ್ಟ ಮೈಕೊಂದು ಹೊರಗಿನ ಸದ್ದನ್ನು ಹಿಡಿಯುತ್ತದೆ, ಒಳಗಿನ ಸ್ಪೀಕರ್ ಅದಕ್ಕೆ ತದ್ವಿರುದ್ಧ ಅಲೆ ಬಿಡುತ್ತದೆ, ಎರಡೂ ಸೇರಿ ಸದ್ದು ಅಡಗುತ್ತದೆ. ಬಸ್ಸಿನ ಎಂಜಿನ್, ಎಸಿಯ ಹಾಗೆ ಒಂದೇ ಸಮನೆ ಮೊರೆಯುವುದರ ಮೇಲೆ ಇದರ ಆಟ ಚೆನ್ನಾಗಿ ನಡೆಯುತ್ತದೆ. ಹಾರ್ನ್, ಪಕ್ಕದವರ ಮಾತು ಅಷ್ಟಾಗಿ ಮಣಿಯುವುದಿಲ್ಲ. ಹೊರಗಿನ ಗದ್ದಲ ತಗ್ಗಿದರೆ ನೀನು ವಾಲ್ಯೂಮ್ ಏರಿಸುವುದಿಲ್ಲ, ಅದರ ನಿಜವಾದ ಲಾಭ ಇದು.

ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ಲಿನ ಧ್ವನಿ ವಾರಕ್ಕೆ 40 ಗಂಟೆ ತನಕ ಸರಿ. ಡೆಸಿಬಲ್ ಮೂರು ಏರಿದಂತೆಲ್ಲ ಆ ಸಮಯ ಅರ್ಧವಾಗುತ್ತಾ, 90 ತಲುಪುವಾಗ ವಾರಕ್ಕೆ 4 ಗಂಟೆಯಷ್ಟೇ ಉಳಿಯುತ್ತದೆ. ಸ್ಟುಡಿಯೋ ಹೆಡ್‌ಫೋನ್ ರೈಲಿನ ಮೊರೆತವನ್ನು ಅಷ್ಟಾಗಿ ತಡೆಯುವುದಿಲ್ಲ. ಮೆಟ್ರೋದಲ್ಲಿ ಅದನ್ನು ಹಾಕಿಕೊಂಡು ದನಿ ಏರಿಸಬೇಡ. ಕಿವಿ ಹೋದರೆ ಹಾಡು ಹೋಯಿತು. ಅಲ್ಲಿ ಸುಮ್ಮನೆ ಕೂತು ಸಾಹಿತ್ಯ ಮನನ ಮಾಡು. ಮುಂದೆ ಕೈಯಲ್ಲಿ ಕಾಸಾದಾಗ ಸಾಧಾರಣ ಬೆಲೆಯ ಇಯರ್‌ಬಡ್ಸ್ ತಗೋ. ಅದರ ಸಣ್ಣ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಬಳಲುತ್ತದೆ, ಬದಲಿಸಿ ಕೊಡುವವರು ಅಪರೂಪ, ಅದಕ್ಕೆ ಹೆಚ್ಚು ಹಣ ಸುರಿಯಬೇಡ. ರಸ್ತೆ ದಾಟುವಾಗ ತೆಗೆದು ಜೇಬಿಗಿಡು.

ಅಂಗಡಿಗೆ ಹೋಗುವಾಗ ನಿನ್ನದೇ ರೆಕಾರ್ಡಿಂಗ್ ಒಯ್ಯಿ, ಬರೀ ತಂಬೂರಿ ಮತ್ತು ಕಂಠ ಇರುವುದು ಸಾಕು. ಕನ್ನಡಕ ಹಾಕಿಕೊಂಡೇ ಹತ್ತು ನಿಮಿಷವಾದರೂ ಕೇಳು, ಕಿವಿಯ ಹಿಂದೆ ಕಡ್ಡಿ ಒತ್ತಿದರೆ ಬೇರೆ ಮಾದರಿ ನೋಡು. ನಿನ್ನ ಫೋನಿಗೆ ಜ್ಯಾಕ್ ಇಲ್ಲವಾದ್ದರಿಂದ ಯುಎಸ್‌ಬಿ-ಸಿ ಅಡಾಪ್ಟರ್ ಒಂದು ಬೇಕಾಗುತ್ತದೆ. ಡಬ್ಬಿಯಲ್ಲಿ ಬರುವ 6.35 ಮಿ.ಮೀ. ಪ್ಲಗ್ ಜೋಪಾನ, ಮೈಕ್ ಸಿಕ್ಕಿಸುವ ಆಡಿಯೋ ಇಂಟರ್‌ಫೇಸಿಗೆ ಬೇಕಾಗುವುದು ಅದೇ.