ದಿನ ತುಂಬದೆ ಹುಟ್ಟಿದ ಕೂಸಿಗೆ

37 ವಾರ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ. 2 ತಿಂಗಳು ಮುಂಚೆ ಹುಟ್ಟಿದ್ದರೆ, 6 ತಿಂಗಳಾದಾಗ ಅದರ ಬೆಳವಣಿಗೆಯನ್ನು 4 ತಿಂಗಳಿನದೆಂದೇ ಲೆಕ್ಕ ಹಾಕಬೇಕು. (ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕವೇ.)

ಡಾಕ್ಟರು ಒಪ್ಪಿದ ಮೇಲೆ, ಎಚ್ಚರವಾಗಿದ್ದಾಗ ನಿಮ್ಮ ಎದೆಯ ಮೇಲೆ ಬೋರಲು ಮಲಗಿಸಿಕೊಂಡು ಮಾತಾಡಿಸಿ. ನಿಮ್ಮ ಮುಖ ನೋಡಲೆಂದು ತಿಣುಕುತ್ತಾ ಕತ್ತೆತ್ತುತ್ತದಲ್ಲ, ಅದೇ ಅದರ ಮೊದಲ ಕಸರತ್ತು. ಒಂದೆರಡು ನಿಮಿಷ ಸಾಕು. ಮುಖ ಕಿವುಚಿ ಅಳತೊಡಗಿದರೆ ಎತ್ತಿಕೊಳ್ಳಿ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು. ವಾಕರ್ ಕೊಡಿಸಲು ಹೊರಟ ಸೋದರಮಾವನಿಗೆ ನಯವಾಗಿ ಬೇಡವೆನ್ನಿ.

ಕೈಕಾಲು ಸೆಟೆದಂತಿದ್ದರೆ, ಒಂದೇ ಕೈ ಆಡಿಸುತ್ತಿದ್ದರೆ, ‘ಬೆಳೀತಾ ಬೆಳೀತಾ ಸರಿಹೋಗುತ್ತೆ’ ಎಂದು ಕೂರಬೇಡಿ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡಲೆಂದು ಹಲವು ಜಿಲ್ಲಾಸ್ಪತ್ರೆಗಳಲ್ಲಿರುವ ಡಿಇಐಸಿ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಹೋಗುವಾಗ ಡಿಸ್ಚಾರ್ಜ್ ಚೀಟಿ ಮರೆಯಬೇಡಿ.