ಮೇಜಿನ ಮೇಲೆ ಚೆನ್ನಾಗಿಯೇ ಇತ್ತು

ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಅಕ್ಕಿಚೀಲ ಇದೆ. ತುಂಬ ಒಂಟಿ ಶೂಗಳು. ಕೆಲವಕ್ಕೆ ಸೋಲ್ ಇಲ್ಲ, ಕೆಲವಕ್ಕೆ ಮೂತಿ ಇಲ್ಲ, ಒಂದನ್ನಂತೂ ಕತ್ತರಿಯಲ್ಲಿ ಸೀಳಲಾಗಿದೆ. ಎಲ್ಲವೂ ನಾನು ವಿನ್ಯಾಸ ಮಾಡಿದ ಅಪ್ಪರ್‌ಗಳು, ಅಂದರೆ ಶೂವಿನಲ್ಲಿ ಸೋಲಿನಿಂದ ಮೇಲಿರುವ ಭಾಗ. ಹೆಂಡತಿ ಎರಡು ಸಲ ಮನೆ ಬದಲಿಸುವಾಗಲೂ ಇದನ್ನು ಬಿಸಾಡಲು ನೋಡಿದಳು.

ನಾನು ಓದಿದ್ದು ಜವಳಿ ತಂತ್ರಜ್ಞಾನ. ಶೂ ಹೇಗೆ ಕಟ್ಟುತ್ತಾರೆ ಎಂಬುದು ಗೊತ್ತೇ ಇರಲಿಲ್ಲ. 2012ರಲ್ಲಿ ನೈಕಿಯ ಫ್ಲೈನಿಟ್ ಬಂತು, ಅದೇ ವರ್ಷ ಅಡಿಡಾಸ್‌ನ ಪ್ರೈಮ್‌ನಿಟ್ಟೂ ಬಂತು. ಸ್ವೆಟರ್ ಹೆಣೆಯುವಂಥ ಯಂತ್ರದಲ್ಲೇ ಅಪ್ಪರ್ ಹೆಣೆಯಬಹುದು, ಕತ್ತರಿಸಿ ಎಸೆಯುವ ಚೂರು ಬಹಳ ಕಡಿಮೆ ಎಂದು ತಿಳಿದದ್ದೇ ಬಟ್ಟೆಯವರೆಲ್ಲ ಶೂ ಕಡೆ ಕತ್ತು ಹೊರಳಿಸಿದೆವು. ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಹೆಣೆಯುವುದು, ಸೋಲ್ ಕೂರಿಸಲು ಆಂಬೂರಿಗೆ ಒಯ್ಯುವುದು ನಮ್ಮ ಕ್ರಮ. ಹಾಗೆ ಹೋಗಿ ಬಂದು ಮಾಡುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸಬರಿಗೆ ನನ್ನಷ್ಟು ದೊಡ್ಡ ಚೀಲ ಬೇಕಾಗದಿರಲಿ.

1. ಲಾಸ್ಟಿಗೆ ಏರುವ ತನಕ ಅದು ಬರೀ ಬಟ್ಟೆ

ಲಾಸ್ಟ್ ಎಂದರೆ ಪಾದದ ಆಕಾರದ ಅಚ್ಚು. ನನ್ನ ಮೊದಲ ಅಪ್ಪರನ್ನು 14 ಗೇಜಿನ ಯಂತ್ರದಲ್ಲಿ, ಅಂದರೆ ಅಂಗುಲಕ್ಕೆ 14 ಸೂಜಿ ಇರುವುದರಲ್ಲಿ, ಪಾಲಿಯೆಸ್ಟರ್ ನೂಲು ಹಾಕಿ ಹೆಣೆದೆ. ಮೇಜಿನ ಮೇಲೆ ಹರಡಿದಾಗ ಎಷ್ಟು ಚಂದ ಕಂಡಿತೆಂದರೆ ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಆಂಬೂರಿನಲ್ಲಿ ಲಾಸ್ಟಿಂಗ್ ಮೇಸ್ತ್ರಿ ಅದನ್ನು ಅಚ್ಚಿನ ಮೇಲೆ ಎಳೆದು ಕೂರಿಸಿದರು. ಬೆರಳಿನ ಜಾಗದಲ್ಲಿ ಒಂದೊಂದು ಕುಣಿಕೆಯೂ ಬಾಯಿ ತೆರೆದು ಸೊಳ್ಳೆಪರದೆಯ ಹಾಗಾಯಿತು. ಒಳಗಿನ ಹಸಿರು ಅಚ್ಚು ಇಣುಕುತ್ತಿತ್ತು. ಮೇಸ್ತ್ರಿ ಏನೂ ಅನ್ನಲಿಲ್ಲ. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಮೊನೆಯನ್ನು ಒಂದು ಕುಣಿಕೆಗೆ ತೂರಿಸಿ, ಅಲ್ಲೇ ಬಿಟ್ಟು ಊಟಕ್ಕೆ ಹೋದರು.

ಚರ್ಮ ಎಳೆದಲ್ಲಿ ಕೂರುತ್ತದೆ, ಅಚ್ಚಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಆಕಾರ ಕಲಿಯುತ್ತದೆ. ಹೆಣಿಗೆ ಕಲಿಯುವುದಿಲ್ಲ, ಕೈಬಿಟ್ಟರೆ ಹಿಂದಕ್ಕೆ ಓಡುತ್ತದೆ. ಹಾಗಾಗಿ ಹೆಣೆಯುವಾಗಲೇ ಎಲ್ಲ ಯೋಚಿಸಿರಬೇಕು. ಬೆರಳಿನ ಮೇಲೆ ಒತ್ತಾದ ಕುಣಿಕೆ, ಪಾದ ಮಡಚುವಲ್ಲಿ ಸಡಿಲ, ಹಿಮ್ಮಡಿಯಲ್ಲಿ ಕರಗಿ ಗಟ್ಟಿಯಾಗುವ ನೂಲು. ಇದೆಲ್ಲ ಈಗ ಬಂದ ಬುದ್ಧಿ. ಆಗ ನಾನು ತೂತು ಕಂಡಲ್ಲೆಲ್ಲ ಪಾಲಿಯುರೆಥೇನ್ ಲೇಪ ಬಳಿದೆ, ಗೋಡೆಯ ಬಿರುಕಿಗೆ ಸುಣ್ಣ ಬಳಿದ ಹಾಗೆ. ಮುಂದಿನ ಪಾಠಗಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಈ ಸುಣ್ಣ ಬಳಿಯುವ ಚಾಳಿಯಿಂದಲೇ.

2. ಆವಿ ಕೊಟ್ಟ ಮೇಲೆ ಅಳೆಯಿರಿ

ಯಂತ್ರದಿಂದ ಇಳಿದ ಕೂಡಲೇ ಅಳೆದೆ, ಸರಿಯಿತ್ತು. ಆವಿ ಹಾಯಿಸಿದಾಗ ಶೇಕಡಾ 3ರಷ್ಟು ಕುಗ್ಗಿತು. ಮೂರು ತಾನೇ ಅಂದುಕೊಂಡೆ. 280 ಮಿಲಿಮೀಟರ್ ಉದ್ದದಲ್ಲಿ ಅದು 8.4 ಮಿಲಿಮೀಟರ್. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಅಂಗುಲದ ಮೂರನೇ ಒಂದು ಭಾಗ, ಹೆಚ್ಚುಕಡಿಮೆ ಅಷ್ಟೇ. 8 ಎಂದು ಚೀಟಿ ಅಂಟಿಸಿದ 40 ಜೊತೆಯೂ 7ರ ಅಳತೆಗೆ ಇಳಿದಿದ್ದವು. ಒಂದೇ ಗಿರಣಿಯ ಕಪ್ಪು ನೂಲೂ ಬಿಳಿ ನೂಲೂ ಒಂದೇ ಸಮ ಕುಗ್ಗುವುದಿಲ್ಲ ಎಂಬುದು ಅದರ ಮುಂದಿನ 40 ಜೊತೆಯಲ್ಲಿ ತಿಳಿಯಿತು.

3. ಜಡೆ ಎಳೆದರೆ ತೆಳ್ಳಗಾಗುತ್ತದೆ, ಒಳಗೆ ಕಾಲಿದ್ದರೂ

ಜಡೆ ಹೆಣೆಯುವ ಯಂತ್ರ ನೋಡಿದ ಮೊದಲ ದಿನ ನನಗೆ ಜಡೆ ಕೋಲಾಟ ನೆನಪಾಯಿತು. ಮೇಲಿಂದ ಇಳಿಬಿಟ್ಟ ಹಗ್ಗಗಳ ತುದಿ ಹಿಡಿದು ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ, ಒಬ್ಬರ ಒಳಗಿಂದ ಇನ್ನೊಬ್ಬರು ಹಾದು ಸುತ್ತುತ್ತಾರಲ್ಲ, ಥೇಟ್ ಹಾಗೆಯೇ. 64 ಬಾಬಿನ್ನು, 32 ಬಲಕ್ಕೆ, 32 ಎಡಕ್ಕೆ. ನಡುವೆ ಕಂಬದ ಬದಲು ಶೂವಿನ ಅಚ್ಚನ್ನೇ ಹಾಯಿಸಿದರೆ ಅದರ ಮೈಮೇಲೆ ಹೊಲಿಗೆಯೇ ಇಲ್ಲದ ಅಪ್ಪರ್ ಸುತ್ತಿಕೊಳ್ಳುತ್ತದೆ. ನೋಡುತ್ತ ನಿಂತರೆ ಊಟ ಮರೆತುಹೋಗುತ್ತದೆ.

ಅಚ್ಚು ಮಾತ್ರ ಕಂಬದ ಹಾಗೆ ಒಂದೇ ದಪ್ಪ ಇರುವುದಿಲ್ಲ. ಒಂದೇ ವೇಗದಲ್ಲಿ ಎಳೆದುಕೊಂಡು ಹೋದೆ. ದಪ್ಪವಿರುವ ಮುಂಗಾಲಿನಲ್ಲಿ ಎಳೆಗಳು ಅಗಲಿ ಕಿಂಡಿ ಬಿದ್ದವು, ತೆಳುವಿರುವ ನಡುಪಾದದಲ್ಲಿ ಒಂದರ ಮೇಲೊಂದು ಏರಿ ಗಂಟಾದವು. ದಪ್ಪ ಬಂದಲ್ಲಿ ನಿಧಾನ, ತೆಳು ಬಂದಲ್ಲಿ ಜೋರು ಎಳೆಯಬೇಕೆಂದು ಹಿಡಿತ ಸಿಗಲು ನಾಲ್ಕು ತಿಂಗಳಾಯಿತು. ಆಮೇಲೆ ಕಾಲು ತೂರಿಸುವ ಬಾಯಿ ಮಾಡಲು ಕತ್ತರಿ ಹಾಕಿದೆ. ಕೋಲಾಟದವರು ಹಿಂದಕ್ಕೆ ಹೆಜ್ಜೆ ಹಾಕಿ ಜಡೆ ಬಿಚ್ಚುವುದಕ್ಕೂ ತಾಳ ಇರುತ್ತದೆ. ನನ್ನ ಜಡೆ ತಾಳವಿಲ್ಲದೆ ಬಿಚ್ಚಿಕೊಂಡಿತು.

ಅಂಚಿಗೆ ಲೇಪ ಕೊಟ್ಟು ಬಿಗಿ ಮಾಡಿ ಒಂದು ಜೊತೆ ಕೊನೆಗೂ ತಯಾರಾಯಿತು. ಸಹೋದ್ಯೋಗಿಯೊಬ್ಬರು ಹಾಕಿಕೊಂಡು ‘ಕಾಲುಚೀಲ ಹಾಕ್ಕೊಂಡ ಹಾಗಿದೆ ಸಾರ್’ ಅಂದರು. ನಾನು ಉಬ್ಬಿದೆ. ಬಿಚ್ಚಲು ಹೋದರೆ ಬರುತ್ತಿಲ್ಲ. ಮೂತಿ ಹಿಡಿದು ಎಳೆದಷ್ಟೂ ಬಿಗಿಯುತ್ತಿದೆ. ಜಡೆಯನ್ನು ಉದ್ದಕ್ಕೆ ಎಳೆದರೆ ಅಡ್ಡಕ್ಕೆ ಸಣ್ಣಗಾಗುತ್ತದೆ ಎಂಬುದು ತಂಗಿಯ ತಲೆಗೂದಲು ಎಳೆದು ಬೈಸಿಕೊಂಡ ನನಗೆ ಗೊತ್ತಿರಬೇಕಿತ್ತು. ಇಬ್ಬರು ಅವರ ತೋಳು ಹಿಡಿದರು, ಒಬ್ಬ ಶೂ ಹಿಡಿದ, ಆಗಲಿಲ್ಲ. ಕೊನೆಗೆ ಕತ್ತರಿ ತಂದೆವು. ಚೀಲದಲ್ಲಿರುವ ಸೀಳಿದ ಶೂ ಅದೇ.

ಮದ್ದು ಸರಳವಿತ್ತು. ಓರೆ ಎಳೆಗಳ ನಡುವೆ ಹಿಮ್ಮಡಿಯಿಂದ ಮೂತಿಯವರೆಗೆ ನೇರ ಎಳೆಗಳನ್ನೂ ಸೇರಿಸಿ ಹೆಣೆದರೆ ಜಡೆ ಉದ್ದಕ್ಕೆ ಹಿಗ್ಗುವುದಿಲ್ಲ. ಹಿಗ್ಗದಿದ್ದರೆ ಬಿಗಿಯುವುದೂ ಇಲ್ಲ. ಲೇಪವೂ ಪೂರ್ತಿ ಮೈಗೆ ಬೇಡ, ಎಳೆಗಳು ದಾಟುವಲ್ಲಿ ಚುಕ್ಕಿ ಇಟ್ಟರೆ ಸಾಕು. ಇದನ್ನೂ ನಾನು ಕಂಡುಹಿಡಿಯಲಿಲ್ಲ. ಯಂತ್ರ ನಡೆಸುವ ಹುಡುಗ ಹಗ್ಗದ ಕಾರ್ಖಾನೆಯಿಂದ ಬಂದವನು, ಅವನಿಗೆ ಮೊದಲೇ ಗೊತ್ತಿತ್ತು. ನಾನು ಕೇಳಿರಲಿಲ್ಲ.

4. ಒಮ್ಮೆ ಕರಗಿದ ನೂಲು ಇನ್ನೊಮ್ಮೆಯೂ ಕರಗುತ್ತದೆ

ಸುಮಾರು 85 ಡಿಗ್ರಿಗೆ ಕರಗುವ ನೈಲಾನ್ ನೂಲನ್ನು ಹಿಮ್ಮಡಿಯಲ್ಲಿ ಸೇರಿಸಿ, ಬಿಸಿ ಒತ್ತಿ ಗಟ್ಟಿ ಮಾಡಿದೆ. ಬೇಗ ಕರಗುತ್ತೆ, ಕರೆಂಟು ಉಳಿಯುತ್ತೆ ಎಂಬ ಜಾಣತನ. ಸೋಲ್ ಅಂಟಿಸುವ ಮುಂಚೆ ಗೋಂದು ಎಚ್ಚರವಾಗಲೆಂದು ಶೂವನ್ನು ಮತ್ತೆ ಬಿಸಿ ಹೀಟರಿನೊಳಗೆ ಕಳಿಸುತ್ತಾರೆ ಎಂಬುದು ಲೆಕ್ಕದಲ್ಲಿರಲಿಲ್ಲ. ಆಚೆ ಬದಿಯಿಂದ ಹೊರಬಂದಾಗ ಹಿಮ್ಮಡಿಗಳೆಲ್ಲ ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಜೋಲುಬಿದ್ದಿದ್ದವು.

5. ಲೇಪ ಮೇಲೆ ನಿಲ್ಲುವುದಿಲ್ಲ

ನೇಯ್ದ ಬಟ್ಟೆಯ ಮೇಲೆ ಲೇಪ ಎಳೆದು ಅಭ್ಯಾಸವಿದ್ದವನು ಹೆಣಿಗೆಯ ಮೇಲೂ ಹಾಗೇ ಎಳೆದೆ. ಕುಣಿಕೆಗಳ ಸಂದಿನಲ್ಲಿ ಲೇಪ ಇಳಿದು ಒಳಮೈಯಲ್ಲಿ ರಾಗಿಕಾಳಿನ ಹಾಗೆ ಗಟ್ಟಿಯಾಗಿ ನಿಂತಿತು. ಕೈಯಲ್ಲಿ ಸವರಿ ನೋಡಿದರೆ ಏನೂ ಅನ್ನಿಸಲಿಲ್ಲ. ಅದೇ ಜೊತೆ ಹಾಕಿಕೊಂಡು ಶಿರಸಿಗೆ ಮದುವೆಗೆ ಹೋದೆ. ಬಡಿಸಲು ನಿಂತೆ. ಹೋಳಿಗೆ ಬರುವ ಹೊತ್ತಿಗೆ ಎರಡೂ ಪಾದದಲ್ಲಿ ಬೊಕ್ಕೆ ಎದ್ದಿತ್ತು. ಉಳಿದ ಪಂಕ್ತಿಗಳನ್ನು ಬರಿಗಾಲಲ್ಲಿ ಬಡಿಸಿದೆ. ಅತ್ತೆ ಅದನ್ನು ಭಕ್ತಿ ಅಂದುಕೊಂಡರು.

ಈಗ ಲೇಪವನ್ನು ಮೊದಲು ಜಾರುಕಾಗದದ ಮೇಲೆ ಹರಡಿ, ಅರೆಬರೆ ಒಣಗಿದಾಗ ಬಟ್ಟೆಯನ್ನು ಅದರ ಮೇಲಿಟ್ಟು ಒತ್ತುತ್ತೇವೆ. ಒಳಗಿಳಿಯುವಷ್ಟು ನೀರು ಆಗ ಅದರಲ್ಲಿರುವುದಿಲ್ಲ. ಅದಕ್ಕೂ ಮುಂಚೆ ಬಟ್ಟೆ ತೊಳೆಯುತ್ತೇವೆ, ಏಕೆಂದರೆ ನೂಲು ಸೂಜಿಯಲ್ಲಿ ಜಾರಲೆಂದು ಹಚ್ಚಿದ ಎಣ್ಣೆ ಉಳಿದಿದ್ದರೆ ಲೇಪವೂ ಹಿಡಿಯದು, ಗೋಂದೂ ಹಿಡಿಯದು. ಎಲ್ಲ ಕಡೆ ಬಳಿಯುವುದನ್ನಂತೂ ಬಿಟ್ಟಿದ್ದೇನೆ. ಗಾಳಿಯಾಡುತ್ತದೆ ಎಂದು ಹೆಣಿಗೆಯ ಶೂ ಕೊಂಡವರಿಗೆ ಸುತ್ತಲೂ ಪ್ಲಾಸ್ಟಿಕ್ ಹೊದಿಸಿ ಕೊಟ್ಟರೆ ಅದು ದುಬಾರಿ ಗಂಬೂಟು.

6. ಕೆಂಪಿನ ಮೇಲೆ ಬಿಳಿ ಕೂರಿಸುವ ಮುನ್ನ ಹೆದರಿ

ಕಡುಗೆಂಪು ಪಾಲಿಯೆಸ್ಟರ್ ಹೆಣಿಗೆ, ಪಕ್ಕದಲ್ಲಿ ಬಿಸಿ ಒತ್ತಿ ಅಂಟಿಸಿದ ಬಿಳಿ ಪಟ್ಟೆ. ಡಬ್ಬಿಗೆ ಹಾಕುವಾಗ ಹಾಲಿನ ಬಿಳಿ. ಐದು ವಾರದ ನಂತರ ಅಂಗಡಿಯವರು ಡಬ್ಬಿ ತೆರೆದಾಗ ಗುಲಾಬಿ. ನನಗೆ ಫೋನ್ ಮಾಡಿ ‘ಈ ಬಣ್ಣ ನಾವು ಆರ್ಡರ್ ಕೊಟ್ಟಿರಲಿಲ್ಲವಲ್ಲ’ ಅಂದರು, ಪಾಪ, ಬಹಳ ಮರ್ಯಾದೆಯಿಂದ. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣ ಬಿಸಿಯಾದರೆ ನೂಲು ಬಿಟ್ಟು ಪಕ್ಕದ ಲೇಪಕ್ಕೆ ವಲಸೆ ಹೋಗುತ್ತದೆ. ಒಮ್ಮೆ ಹೊರಟರೆ ಗೋದಾಮಿನಲ್ಲೂ ನಿಧಾನಕ್ಕೆ ನಡೆಯುತ್ತಲೇ ಇರುತ್ತದೆ. ನೂಲು ಎಳೆಯುವಾಗಲೇ ಕರಗಿದ ಪಾಲಿಮರಿನಲ್ಲಿ ಬಣ್ಣ ಬೆರೆಸಿದ ನೂಲು ತೆಗೆದುಕೊಂಡರೆ ಈ ತಲೆನೋವಿಲ್ಲ. ಆದರೆ ಅದು ಸಣ್ಣ ಪ್ರಮಾಣದಲ್ಲಿ ಸಿಗುವುದಿಲ್ಲ, ನಾವು ಸಣ್ಣವರು. ಹಾಗಾಗಿ ನಮ್ಮ ಕೆಂಪು ಶೂಗಳ ಪಟ್ಟೆ ಈಗ ಕಪ್ಪು. ವಿನ್ಯಾಸದ ಕಾರಣಕ್ಕೆ ಎಂದು ಹೇಳುತ್ತೇವೆ.

7. ಪರೀಕ್ಷೆಯ ತುಂಡನ್ನು ಶೂವಿನಿಂದಲೇ ಕತ್ತರಿಸಿ

ಅಪ್ಪರ್ ಬಟ್ಟೆಯನ್ನು ಮಡಚಿ ಮಡಚಿ ನೋಡುವ ಫ್ಲೆಕ್ಸೋಮೀಟರ್ ಎಂಬ ಯಂತ್ರವಿದೆ. 70ಕ್ಕೆ 45 ಮಿಲಿಮೀಟರಿನ ತುಂಡು, ನಿಮಿಷಕ್ಕೆ 100 ಸಲ. ಲಕ್ಷ ಸಲ ಆಗಲು 16 ಗಂಟೆ 40 ನಿಮಿಷ. ನನ್ನ ಲೇಪದ ಬಟ್ಟೆ ಒಂದು ಗೀರೂ ಇಲ್ಲದೆ ಪಾಸಾಯಿತು. ಅದೇ ಬಟ್ಟೆಯ ಶೂ ಮೂರನೇ ವಾರಕ್ಕೆ ಬೆರಳಿನ ಬುಡದಲ್ಲಿ ಬಿರುಕುಬಿಟ್ಟಿತು. ಪ್ರಯೋಗಾಲಯದವರ ಮೇಲೆ ರೇಗಿದೆ, ಅದಕ್ಕೆ ಈಗಲೂ ನಾಚಿಕೆಯಿದೆ. ನಾನು ಅವರಿಗೆ ಕೊಟ್ಟದ್ದು ಸುರುಳಿಯಿಂದ ಕತ್ತರಿಸಿದ, ಆರಾಮವಾಗಿ ಮಲಗಿದ್ದ ತುಂಡು. ಶೂವಿನಲ್ಲಿ ಅದೇ ಬಟ್ಟೆ ಅಚ್ಚಿನ ಮೇಲೆ ಸೆಟೆದು ನಿಂತಿರುತ್ತದೆ, ಮೇಲಿನ ಲೇಪ ಮೊದಲ ಹೆಜ್ಜೆಗೆ ಮುಂಚೆಯೇ ಅರ್ಧ ದಣಿದಿರುತ್ತದೆ. ಈಗ ತಯಾರಾದ ಶೂ ಕುಯ್ದು ತುಂಡು ಕಳಿಸುತ್ತೇನೆ. ಲೆಕ್ಕಪತ್ರದವರಿಗೆ ಇದು ಇಷ್ಟವಿಲ್ಲ.

8. ಉಡುಪಿಯಲ್ಲಿ ಒಬ್ಬ ನೆಂಟ ಇರಲಿ

ನನಗೆ ಹೆಮ್ಮೆಯಿದ್ದ ಒಂದು ಜೊತೆ, ಹೊಳಪು ಲೇಪದ್ದು, ಭಾವಮೈದುನನಿಗೆ ಕೊಟ್ಟಿದ್ದೆ. ಎರಡನೇ ಮಳೆಗಾಲದಲ್ಲಿ ಉಡುಪಿಯಿಂದ ಫೋನ್ ಬಂತು. ‘ಭಾವ, ನಿಮ್ಮ ಶೂ ಹಾವಿನ ಹಾಗೆ ಪೊರೆ ಬಿಡ್ತಾ ಉಂಟು ಮಾರಾಯ್ರೆ.’ ನೀರಲ್ಲಿ ನೆನೆಸಿದೆಯಾ ಎಂದು ಜೋರು ಮಾಡಿದೆ. ‘ಹಾಕ್ಲೇ ಇಲ್ಲ, ಮದುವೆಗೆ ಅಂತ ಕಪಾಟಲ್ಲಿ ಇಟ್ಟದ್ದು’ ಅಂದ.

ಅವನು ಹೇಳಿದ್ದು ಸರಿ. ಪಾಲಿಯುರೆಥೇನಿನಲ್ಲಿ ಜಾತಿಗಳಿವೆ. ನಾನು ಅಗ್ಗವೆಂದು ಆರಿಸಿದ್ದು ಪಾಲಿಯೆಸ್ಟರ್ ಮೂಲದ್ದು. ಅದರ ಎಸ್ಟರ್ ಕೊಂಡಿಗಳನ್ನು ಗಾಳಿಯ ತೇವವೇ ಮೆಲ್ಲಗೆ ಕತ್ತರಿಸುತ್ತ ಹೋಗುತ್ತದೆ, ಬೆಚ್ಚಗಿದ್ದಷ್ಟೂ ಬೇಗ. ಶೂ ಹಾಕಬೇಕೆಂದೇನೂ ಇಲ್ಲ, ಕರಾವಳಿಯ ಕಪಾಟು ಸಾಕು. ಪಾಲಿಈಥರ್ ಮೂಲದ್ದು ತೇವಕ್ಕೆ ಇಷ್ಟು ಸುಲಭವಾಗಿ ಸೋಲುವುದಿಲ್ಲ, ಬಿಸಿಲು ಮಾತ್ರ ಅದಕ್ಕೆ ಆಗದು. ಪಾಲಿಕಾರ್ಬೊನೇಟ್ ಮೂಲದ್ದು ಎರಡನ್ನೂ ತಾಳುತ್ತದೆ, ಬೆಲೆಯನ್ನು ನಾವು ತಾಳಬೇಕು. ಪುಸ್ತಕದಲ್ಲಿ ಇದೆಲ್ಲ ಇತ್ತು. ಬೆಂಗಳೂರಿನ ಒಣಗಾಳಿಯಲ್ಲಿ ಕುಳಿತು ಆ ಪುಟ ಹಾರಿಸಿದ್ದೆ. ಈಗ ಪ್ರತಿ ಹೊಸ ಲೇಪದ ಒಂದು ಜೊತೆ ಉಡುಪಿಗೆ ಹೋಗುತ್ತದೆ. ಭಾವಮೈದುನನ ಕಪಾಟಿನಲ್ಲಿ ಅವನ ಬಟ್ಟೆಗೆ ಜಾಗವಿಲ್ಲ.

9. ರಿಪೇರಿಯವರಿಗೆ ಒಮ್ಮೆ ತೋರಿಸಿ

ನಾನೇ ಹಾಕಿಕೊಳ್ಳುವ ಜೊತೆಯಲ್ಲಿ ಎಡಗಾಲಿನ ಕಿರುಬೆರಳ ಪಕ್ಕ ಎಳೆ ಬಿಟ್ಟು ತೂತಾಯಿತು. ಮೆಜೆಸ್ಟಿಕ್ ಹತ್ತಿರ ಕೊಡೆಯ ಕೆಳಗೆ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ, ಅವರ ಮುಂದಿಟ್ಟೆ. ತಿರುಗಿಸಿ ನೋಡಿದರು, ಎಳೆದು ನೋಡಿದರು. ‘ಇದು ಸ್ವೆಟರ್ ಸಾರ್. ಮನೇಲಿ ಅಮ್ಮಂಗೆ ಕೊಡಿ’ ಅಂದರು. ಉಳಿ ಹಾಕಿದರೆ ಇನ್ನೊಂದು ಕುಣಿಕೆ ಕಡಿಯುತ್ತದೆ, ದಾರ ಬಿಗಿದರೆ ಪಕ್ಕದ್ದು ಬಿಚ್ಚುತ್ತದೆ. ಹಳೆಯ ಚರ್ಮದ ಶೂ ಎಷ್ಟು ಸಲ ಹೊಲಿದರೂ ಹೊಲಿಸಿಕೊಳ್ಳುತ್ತಿತ್ತು. ನನ್ನ ಲೆಕ್ಕದ ಹಗುರ, ಉಳಿತಾಯ, ಚೂರಿಲ್ಲದ ಹೆಣಿಗೆ ಎಲ್ಲವೂ ಒಂದು ತೂತಿಗೆ ಕಸದ ಬುಟ್ಟಿಗೆ ಹೋಗುವಂಥದ್ದು. ಅದು ಆ ಕೊಡೆಯ ಕೆಳಗೆ ನಿಂತಾಗ ಹೊಳೆಯಿತು.

ಅವರು ಬಿಡಲಿಲ್ಲ. ಬಿಚ್ಚಿದ ಎಳೆಯ ತುದಿಗೆ ಬೆಂಕಿಕಡ್ಡಿ ತಾಕಿಸಿ ಸುಟ್ಟು ಗಂಟು ಮಾಡಿದರು. ಒಳಗೊಂದು, ಹೊರಗೊಂದು ಬೆರಳಗಲದ ರೆಕ್ಸಿನ್ ಇಟ್ಟು ಸೊಲ್ಯೂಷನ್ ಹಚ್ಚಿದರು. ತೂತಿನಿಂದ ಸಾಕಷ್ಟು ದೂರ, ಹೆಣಿಗೆ ಗಟ್ಟಿಯಿದ್ದಲ್ಲಿ ಸುತ್ತ ಹೊಲಿದರು. ಮೂವತ್ತು ರೂಪಾಯಿ. ನಮ್ಮ ಮುಂದಿನ ಮಾದರಿಯಲ್ಲಿ ಕಿರುಬೆರಳ ಪಕ್ಕ ಅದೇ ಅಳತೆಯ ಲೇಪದ ತೇಪೆ ಮೊದಲೇ ಕೂರಿಸಿದೆ. ನನ್ನ ಹಳೆಯ ಜೊತೆಯ ಎಡಗಾಲು ಇನ್ನೂ ಗಟ್ಟಿಯಾಗಿದೆ. ಬಲಗಾಲು ಹೋದ ವಾರ ಅದೇ ಜಾಗದಲ್ಲಿ ಬಾಯಿಬಿಟ್ಟಿದೆ, ಶನಿವಾರ ಮೆಜೆಸ್ಟಿಕ್ಕಿಗೆ ಹೋಗಬೇಕು.